ಇಲ್ಲದ ಆಸ್ತಿಯ ಪಾಲು

ನಾನು ಮದುವೆಯಾಗಿ ರಾಜಾಜಿನಗರದ ಆರನೇ ಬ್ಲಾಕಿನ ಬಾಡಿಗೆ ಮನೆಗೆ ಬಂದಾಗ, ನನ್ನ ಗಂಡ ಯಾರು ಅನ್ನುವುದು ಬೀದಿಗೆಲ್ಲ ಆಗಲೇ ಗೊತ್ತಿತ್ತು. ಹಾಲಿನ ಬೂತಿನ ಮುಂದೆ ಸಾಲಿನಲ್ಲಿ ನಿಂತರೆ ಅವರ ತಲೆ ಎಲ್ಲರಿಗಿಂತ ಒಂದು ಮೊಳ ಮೇಲೆ ಕಾಣುತ್ತಿತ್ತು. ಅದರ ಮೇಲೆ ಅವರು ಬಾಸ್ಕೆಟ್‌ಬಾಲ್ ಆಟಗಾರರು. ರಾಜ್ಯದ ತಂಡದಲ್ಲಿ ಆಡಿದ್ದರು, ಆಗಾಗ ಪೇಪರಿನಲ್ಲಿ ಫೋಟೋ ಬರುತ್ತಿತ್ತು. ಎಪ್ಪತ್ತರ ದಶಕದ ಮೊದಲ ವರ್ಷಗಳವು. ಸಂಜೆ ಲೈಟು ಹಾಕಿ ಟೂರ್ನಮೆಂಟು ನಡೆಸಿದರೆ ಜನ ಮರ ಹತ್ತಿ ಕೂತು ನೋಡುತ್ತಿದ್ದ ಕಾಲ.

ಒಂದು ಸರ್ಕಾರಿ ಕಾರ್ಖಾನೆ ಅವರನ್ನು ಆಟಕ್ಕಾಗಿಯೇ ಕೆಲಸಕ್ಕೆ ತೆಗೆದುಕೊಂಡಿತ್ತು. ಹೆಸರಿಗೆ ಸ್ಟೋರ್ಸಿನಲ್ಲಿ ಗುಮಾಸ್ತ. ಬೆಳಿಗ್ಗೆ ಹೋಗಿ ಹಾಜರಿ ಹಾಕಿದರೆ ಮಧ್ಯಾಹ್ನದ ಮೇಲೆ ಪ್ರಾಕ್ಟೀಸಿಗೆ ಬಿಡುತ್ತಿದ್ದರು. ಸಂಬಳ ಮಾತ್ರ ಪಕ್ಕದ ಮೇಜಿನ ಗುಮಾಸ್ತನಿಗೆ ಬರುವಷ್ಟೇ. ಜೊತೆಗೆ ಟೂರ್ನಮೆಂಟಿನ ದಿನ ಊಟದ ಭತ್ಯೆ, ವರ್ಷಕ್ಕೊಂದು ಜೊತೆ ಕ್ಯಾನ್ವಾಸ್ ಶೂ, ತಂಡದ ಗುರುತಿದ್ದ ನೀಲಿ ಬ್ಲೇಜರು. ಗೆದ್ದ ಕಪ್‌ಗಳು ಕಾರ್ಖಾನೆಯ ಗಾಜಿನ ಬೀರುವಿಗೆ ಹೋಗುತ್ತಿದ್ದವು. ನಮ್ಮಪ್ಪ ಸ್ಕೂಲ್ ಮೇಷ್ಟ್ರು. ಇದನ್ನೆಲ್ಲ ವಿಚಾರಿಸಿಕೊಂಡೇ ನನ್ನನ್ನು ಕೊಟ್ಟಿದ್ದರು. ಆಟ ಇವತ್ತಿದ್ದು ನಾಳೆ ಹೋಗುತ್ತೆ, ಕೆಲಸ ಪರ್ಮನೆಂಟು, ಅಷ್ಟು ಸಾಕು ಅಂದಿದ್ದರು. ಹಾಗಾಗಿ ನನ್ನ ಗಂಡನ ಸಂಪಾದನೆ ಎಷ್ಟು ಅನ್ನುವುದರಲ್ಲಿ ನನಗೆ ಯಾವತ್ತೂ ಭ್ರಮೆ ಇರಲಿಲ್ಲ.

ಭ್ರಮೆ ಇದ್ದದ್ದು ಅವರ ಮನೆಯವರಿಗೆ. ಅವರ ಊರು ಕೆಂಗೇರಿಯ ಹತ್ತಿರ, ಮೈಸೂರು ರಸ್ತೆಯಲ್ಲಿ ಬಸ್ಸಿಳಿದು ರಾಗಿ ಹೊಲಗಳ ನಡುವೆ ನಡೆದು ಹೋಗಬೇಕು. ಅಲ್ಲಿ ನಮ್ಮತ್ತೆ, ಇವರ ಅಣ್ಣ, ಅಣ್ಣನ ಹೆಂಡತಿ, ಅವರ ಮೂರು ಹೆಣ್ಣುಮಕ್ಕಳು. ಇವರು ಚಿಕ್ಕವರಿದ್ದಾಗಲೇ ಮಾವನವರು ತೀರಿಕೊಂಡಿದ್ದರು. ಆಗ ಭಾವನವರು ತಾವು ಓದು ಬಿಟ್ಟು ನೇಗಿಲು ಹಿಡಿದು, ತಮ್ಮನನ್ನು ಬೆಂಗಳೂರಿನ ಹೈಸ್ಕೂಲಿಗೆ ಕಳಿಸಿದರು. ಆ ಸ್ಕೂಲಿನಲ್ಲೇ ಇವರ ಕೈಗೆ ಚೆಂಡು ಬಂದದ್ದು.

ಮದುವೆಯಾದ ವರ್ಷ ದೀಪಾವಳಿಗೆ ಹೋಗಿದ್ದೆವು. ಇವರ ತಂಡದವರೊಬ್ಬರ ಬಳಿ ಇದ್ದ ಹಳೆಯ ಇಂಗ್ಲಿಷ್ ಮ್ಯಾಗಜೀನನ್ನು ಇವರು ಬ್ಯಾಗಿನಲ್ಲಿ ಇಟ್ಟುಕೊಂಡು ಬಂದಿದ್ದರು. ಅದರಲ್ಲಿ ಅಮೆರಿಕಾದ ಒಬ್ಬ ಆಟಗಾರನ ಚಿತ್ರ. ಕಂಬದಂಥ ಕಪ್ಪು ಮನುಷ್ಯ, ಪಕ್ಕದಲ್ಲಿ ದೋಣಿಯಷ್ಟು ಉದ್ದದ ಕಾರು, ಹಿಂದೆ ಈಜುಕೊಳವಿರುವ ಮನೆ. ಊಟವಾದ ಮೇಲೆ ಜಗಲಿಯಲ್ಲಿ ಕೂತು ಇವರು ಅದನ್ನು ಬಿಡಿಸಿ ತೋರಿಸಿದರು. ಅಲ್ಲಿ ಈ ಆಟ ಆಡುವವರಿಗೆ ಲಕ್ಷಗಟ್ಟಲೆ ಕೊಡುತ್ತಾರೆ, ಕೆಲವೇ ವರ್ಷ ಆಡಿದರೆ ಮೂರು ತಲೆಮಾರು ಕೂತು ತಿನ್ನಬಹುದು ಅಂದರು. ನಮ್ಮತ್ತೆ ಚಿತ್ರವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, ನೀನೂ ಇದೇ ಆಟ ತಾನೇ ಆಡೋದು ಅಂತ ಕೇಳಿದರು. ಹೌದಮ್ಮ, ಇದೇ ಆಟ ಅಂತ ಇವರು ಅಂದರು. ಅಷ್ಟೇ ಆದದ್ದು.

ಮುಂದಿನ ಸಲ ಹೋಗುವ ಹೊತ್ತಿಗೆ ಊರಿನವರ ಬಾಯಲ್ಲಿ ಅಮೆರಿಕಾ ಬಿಟ್ಟುಹೋಗಿತ್ತು, ಲಕ್ಷ ಮಾತ್ರ ಉಳಿದಿತ್ತು. ಬಾವಿಯ ಹತ್ತಿರ ಹೆಂಗಸರು ನನ್ನ ಸೀರೆಯ ಸೆರಗು ಮುಟ್ಟಿ ನೋಡಿ, ಇಷ್ಟು ಸಾಧಾರಣದ್ದು ಯಾಕುಟ್ಟೆ ಅಂತ ಕೇಳಿದರು. ಕಣ್ಣು ಬೀಳದಿರಲಿ ಅಂತ ಉಟ್ಟಿರಬೇಕು ಅಂತ ಅವರೇ ಉತ್ತರ ಹೇಳಿಕೊಂಡರು. ವಾಪಸ್ ಬರುವಾಗ ಬಸ್ಸಿನಲ್ಲಿ, ಯಾಕೆ ನಿಜ ಹೇಳಬಾರದು ಅಂತ ಇವರನ್ನು ಕೇಳಿದೆ. ಅಮ್ಮ ಸಂತೋಷವಾಗಿದಾಳೆ, ಇರಲಿ ಬಿಡು ಅಂದರು. ಊರಿಗೆ ಹೋಗುವಾಗಲೆಲ್ಲ ನೀಲಿ ಬ್ಲೇಜರನ್ನು ಬಿಸಿಲಿದ್ದರೂ ಹಾಕಿಕೊಳ್ಳುತ್ತಿದ್ದರು. ಮಕ್ಕಳಿಗೆ ಬಿಸ್ಕತ್ತು, ಅತ್ತಿಗೆಗೆ ಸೀರೆ, ಅಣ್ಣನಿಗೆ ಟಾರ್ಚು. ಅದಾದ ಮೇಲೆ ತಿಂಗಳ ಕೊನೆಯವರೆಗೆ ನಮ್ಮ ಮನೆಯಲ್ಲಿ ಬರೀ ಹುರುಳಿ ಸಾರು.

ಅತ್ತೆ ತೀರಿಕೊಂಡ ವರ್ಷವೇ ಪಾಲಿನ ಮಾತು ಬಂತು. ಅದನ್ನು ಎತ್ತಿದವರು ಭಾವನವರು. ಹಿರಿಯ ಮಗಳ ಮದುವೆ ಹತ್ತಿರ ಬಂದಿತ್ತು. ಗಂಡಿನ ಕಡೆಯವರು ಹುಡುಗಿಯ ಚಿಕ್ಕಪ್ಪ ದೊಡ್ಡ ಆಟಗಾರ ಅಂತ ಕೇಳಿಕೊಂಡು ಬಂದು, ಅದಕ್ಕೆ ತಕ್ಕ ಹಾಗೆ ಸ್ಕೂಟರು, ಉಂಗುರ ಅಂತ ಪಟ್ಟು ಹಿಡಿದಿದ್ದರು. ಭಾವನವರು ಬಾಯಿ ಬಿಟ್ಟು ಕೇಳುವವರಲ್ಲ. ತಮ್ಮ ತಾನಾಗಿ ಕೊಡುತ್ತಾನೆ ಅಂತ ಕಾದು, ಕೊಡದೆ ಇದ್ದಾಗ ಒಳಗೊಳಗೇ ಕುದ್ದರು. ಊರಿನ ನಾಲ್ಕು ಜನ ಹಿರಿಯರನ್ನು ಕರೆಸಿ, ನಮಗೂ ಹೇಳಿ ಕಳಿಸಿದರು.

ಒಂದು ಭಾನುವಾರ ಮಧ್ಯಾಹ್ನ ಜಗಲಿಯ ಮೇಲೆ ಎಲ್ಲರೂ ಕೂತರು. ನಾನೂ ಓರಗಿತ್ತಿಯೂ ಬಾಗಿಲ ಹಿಂದೆ ನಿಂತಿದ್ದೆವು. ಭಾವನವರು ಕೂಗಾಡಲಿಲ್ಲ. ತಮ್ಮನ ಮುಖವನ್ನೂ ನೋಡದೆ ಹಿರಿಯರಿಗೆ ಹೇಳಿದರು.

"ಅಪ್ಪನ ಜಮೀನು ಇಬ್ಬರದೂ ಹೌದು, ನಾನು ಇಲ್ಲ ಅನ್ನಲ್ಲ. ಆದ್ರೆ ಒಟ್ಟಿಗಿದ್ದಾಗ ಇವನು ಸಂಪಾದಿಸಿದ್ದೂ ಇಬ್ಬರದೇ ಅಲ್ವಾ? ಅದನ್ನ ತಂದಿಡಲಿ, ಸೇರಿಸಿ ಭಾಗ ಮಾಡೋಣ. ತರಕ್ಕೆ ಮನಸ್ಸಿಲ್ಲಾಂದ್ರೆ ಜಮೀನಿನ ಮಾತು ಬಿಟ್ಬಿಡಲಿ."

ಹಿರಿಯರಿಗೆ ಅದು ನ್ಯಾಯ ಅನ್ನಿಸಿತು. ಅವರ ಜಾಗದಲ್ಲಿದ್ದರೆ ನನಗೂ ಅನ್ನಿಸುತ್ತಿತ್ತು. ಎಲ್ಲರೂ ಇವರ ಕಡೆ ತಿರುಗಿದರು. ಇವರು ಬ್ಲೇಜರಿನ ಗುಂಡಿಯನ್ನು ತಿರುವುತ್ತಾ ಕೂತಿದ್ದರು. ಈಗ ಹೇಳುತ್ತಾರೆ, ಈಗ ಹೇಳಿ ಮುಗಿಸುತ್ತಾರೆ ಅಂತ ನಾನು ಬಾಗಿಲ ಚೌಕಟ್ಟು ಹಿಡಿದು ಕಾಯುತ್ತಿದ್ದೆ.

"ಜಮೀನು ಅಣ್ಣನೇ ಇಟ್ಕೊಳ್ಲಿ," ಅಂದರು. "ನನಗೆ ಅದರ ಅಗತ್ಯ ಇಲ್ಲ."

ನನ್ನಿಂದ ತಡೆಯಲಾಗಲಿಲ್ಲ. ಹೊಸಿಲು ದಾಟಿ ಈಚೆ ಬಂದೆ. ಇವರ ಹತ್ತಿರ ಏನೂ ಇಲ್ಲ, ತಿಂಗಳ ಸಂಬಳ ಬಿಟ್ಟರೆ ಬಿಡಿಗಾಸಿಲ್ಲ, ಬೇಕಾದರೆ ಯಾರಾದರೂ ಬಂದು ನಮ್ಮ ಮನೆ ನೋಡಿ ಅಂದೆ. ಹಿರಿಯರಲ್ಲೊಬ್ಬರು ಎಲೆಯಡಿಕೆಯ ಬಾಯಲ್ಲೇ ನಕ್ಕರು. ಮೇಷ್ಟ್ರ ಮಗಳು ಗಟ್ಟಿಗಿತ್ತಿ, ಗಂಡನ ಗಂಟು ಕಾಯೋದು ಗೊತ್ತಿದೆ ಅಂದರು. ಭಾವನವರು ನನ್ನ ಕಡೆ ಒಂದೇ ಸಲ ನೋಡಿದರು. ಆ ನೋಟದಲ್ಲಿದ್ದ ಹೇಸಿಗೆಯನ್ನು ನಾನು ಬಹಳ ಕಾಲ ಮರೆಯಲಿಲ್ಲ.

ಮನೆಗೆ ಬಂದ ಮೇಲೆ ನಾನು ಜಗಳ ತೆಗೆದೆ. ನಮ್ಮ ಪಾಲಿನ ಎರಡು ಎಕರೆಯನ್ನು ಒಂದು ಸುಳ್ಳಿನ ಮರ್ಯಾದೆಗೆ ಕೊಟ್ಟು ಬಂದಿರಲ್ಲ ಅಂದೆ. ಇವರು ಶೂ ಬಿಚ್ಚುತ್ತಾ ಹೇಳಿದರು.

"ಅಣ್ಣ ನನ್ನನ್ನ ಓದಿಸಕ್ಕೆ ಸ್ಕೂಲು ಬಿಟ್ಟ. ಅವನು ನನಗಿಂತ ಚೆನ್ನಾಗಿ ಓದ್ತಿದ್ದ ಗೊತ್ತಾ? ಅಷ್ಟೆಲ್ಲ ಮಾಡಿ ಕೊನೆಗೆ ಆಗಿದ್ದು ಒಬ್ಬ ಗುಮಾಸ್ತ ಅಂತ ಅವನ ಎದುರಿಗೆ ಹೆಂಗೆ ಹೇಳಲಿ?"

ಅದನ್ನು ಕೇಳಿಯೂ ನನ್ನ ಸಿಟ್ಟು ಹೋಗಲಿಲ್ಲ. ಜಮೀನು ಭಾವನವರ ಹೆಸರಿಗೆ ರಿಜಿಸ್ಟರ್ ಆಯಿತು. ಅವರು ಅದರಲ್ಲಿ ಒಂದು ಭಾಗ ಮಾರಿ ಮಗಳ ಮದುವೆ ಮಾಡಿದರು. ನಮಗೆ ಕರೆ ಬಂದಿತ್ತು. ಇವರೊಬ್ಬರೇ ಹೋಗಿ, ಊಟ ಮಾಡದೆ ಅಕ್ಷತೆ ಹಾಕಿ ಬಂದರು.

ಮಾರನೆಯ ವರ್ಷ ಇವರ ಮಂಡಿ ಹೋಯಿತು. ಒಂದು ಸಂಜೆಯ ಪಂದ್ಯದಲ್ಲಿ ಚೆಂಡಿಗಾಗಿ ಹಾರಿ, ಕೆಳಗೆ ಬರುವಾಗ ಇನ್ನೊಬ್ಬನ ಪಾದದ ಮೇಲೆ ಇಳಿದಿದ್ದರು. ತಂಡದವರು ಆಟೋದಲ್ಲಿ ಕರೆತಂದು ಬಿಟ್ಟರು. ಎಣ್ಣೆ ನೀವಿಸಿದೆವು, ಪಟ್ಟು ಹಾಕಿಸಿದೆವು. ಊತ ಇಳಿದರೂ ಮಂಡಿ ಇದ್ದಕ್ಕಿದ್ದಂತೆ ಸಿಕ್ಕಿಹಾಕಿಕೊಂಡು ಬಿಡುತ್ತಿತ್ತು, ನಡೆಯುತ್ತಾ ನಡೆಯುತ್ತಾ ಗೋಡೆ ಹಿಡಿದು ನಿಲ್ಲುತ್ತಿದ್ದರು. ಕಾರ್ಖಾನೆಯ ಸಾಹೇಬರು ಒಮ್ಮೆ ಮೂಸಂಬಿ ತಂದುಕೊಟ್ಟು ಮಾತಾಡಿಸಿಕೊಂಡು ಹೋದರು. ಆಮೇಲೆ ಮಧ್ಯಾಹ್ನದ ಬಿಡುವು ನಿಂತಿತು. ಅಷ್ಟು ವರ್ಷ ಹಾಜರಿ ಮಾತ್ರ ಹಾಕಿದ್ದ ಮನುಷ್ಯನಿಗೆ ಸ್ಟೋರ್ಸಿನಲ್ಲಿ ಯಾವ ಬೋಲ್ಟು ಯಾವ ಗೂಡಿನಲ್ಲಿದೆ ಅಂತ ಗೊತ್ತಿರಲಿಲ್ಲ. ಇವರ ಪಾಲಿನ ಕೆಲಸವನ್ನೂ ಮಾಡಿಕೊಂಡು ಬಂದಿದ್ದವರು ಈಗ ಕಲಿಸಿಕೊಡಲು ಮನಸ್ಸು ಮಾಡಲಿಲ್ಲ. ಅವರನ್ನು ತಪ್ಪೆನ್ನುವುದು ಹೇಗೆ?

ಕೊನೆಗೆ ದೊಡ್ಡಾಸ್ಪತ್ರೆಯಲ್ಲಿ ಆಪರೇಷನ್ ಆಗಲೇಬೇಕು ಅಂದರು. ಖರ್ಚು ಕಾರ್ಖಾನೆಯದು. ಆದರೆ ಗಂಡಸರ ವಾರ್ಡಿನಲ್ಲಿ ಜೊತೆಗಿರಲು ಗಂಡಸೇ ಬೇಕು. ಅಪ್ಪನಿಗೆ ಆಗ ಆರೋಗ್ಯ ಸರಿಯಿರಲಿಲ್ಲ, ನಾನು ತುಂಬು ಬಸುರಿ. ತಂಡದವರು ಊರೂರು ಆಟಕ್ಕೆ ಹೋಗಿದ್ದರು. ಅಣ್ಣನಿಗೆ ಮಾತ್ರ ಹೇಳಬೇಡ ಅಂತ ಇವರು ಕೈ ಹಿಡಿದು ಹೇಳಿದರು. ನಾನು ಹೂಂ ಅನ್ನಲೂ ಇಲ್ಲ, ಉಹೂಂ ಅನ್ನಲೂ ಇಲ್ಲ. ಬೆಳಿಗ್ಗೆ ಎದ್ದು ಮಾರ್ಕೆಟ್ಟಿನ ಬಸ್‌ಸ್ಟ್ಯಾಂಡಿಗೆ ಹೋಗಿ ಕೆಂಗೇರಿ ಬಸ್ಸು ಹತ್ತಿದೆ.

ಭಾವನವರು ಹೊಲದಲ್ಲಿ ಗೊಬ್ಬರ ಹರಡುತ್ತಿದ್ದರು. ಬದುವಿನ ಮೇಲೆ ನಿಂತು ವಿಷಯ ಹೇಳಿದೆ. ಜಮೀನಿನ ಬಗ್ಗೆ ಏನಾದರೂ ಅಂದಾರು ಅಂತ ಎದೆ ಗಟ್ಟಿ ಮಾಡಿಕೊಂಡಿದ್ದೆ. ಅವರು ಮಂಕರಿ ಕೆಳಗಿಟ್ಟರು.

"ಯಾವ ಕಾಲು?" ಅಂದರು.

ಬಲಗಾಲು ಅಂದೆ. ಕೈ ತೊಳೆದು, ಅಂಗಿ ಬದಲಾಯಿಸಿ, ನನ್ನ ಜೊತೆಯೇ ಹೊರಟುಬಂದರು.

ಆಸ್ಪತ್ರೆಯಲ್ಲಿ ತಮ್ಮನ ಮಂಚದ ಪಕ್ಕ ನೆಲದ ಮೇಲೆ ಚಾಪೆ ಹಾಸಿ ಮಲಗಿದರು. ಬೆಡ್‌ಪ್ಯಾನು ಇಟ್ಟರು, ಗಂಜಿ ಕುಡಿಸಿದರು. ಇಬ್ಬರ ನಡುವೆ ಮಾತಿರಲಿಲ್ಲ. ಆಪರೇಷನ್ ಆದ ಮೂರನೆಯ ದಿನವೋ ಏನೋ, ಒಗೆದ ಬಟ್ಟೆ ತೆಗೆದುಕೊಂಡು ಹೋಗಲು ನಮ್ಮ ಮನೆಗೆ ಬಂದರು. ಅವರು ಆ ಮನೆಯ ಒಳಗೆ ಕಾಲಿಟ್ಟದ್ದು ಅದೇ ಮೊದಲು. ಒಂದು ರೂಮು, ಅದರ ಹಿಂದೆ ಬಗ್ಗಿ ಹೋಗಬೇಕಾದ ಅಡಿಗೆಮನೆ, ಮೂರು ಮನೆಗೆ ಸೇರಿದ ಒಂದು ನಲ್ಲಿ. ಸೀಮೆಎಣ್ಣೆ ಸ್ಟೌ ಹಚ್ಚಿ ಕಾಫಿಗೆ ಇಟ್ಟು ಬಂದು ನೋಡಿದರೆ ಭಾವನವರು ಇನ್ನೂ ನಿಂತೇ ಇದ್ದರು. ಗೋಡೆ, ಸುತ್ತಿಟ್ಟ ಹಾಸಿಗೆ, ಕಬ್ಬಿಣದ ಟ್ರಂಕು, ಎಲ್ಲದರ ಮೇಲೆ ಕಣ್ಣಾಡಿಸುತ್ತಿದ್ದರು.

"ಇನ್ನೊಂದು ಮನೆ ಎಲ್ಲಿದೆಯಮ್ಮಾ?" ಅಂತ ಕೇಳಿದರು.

ಇನ್ನೊಂದು ಮನೆ ಇಲ್ಲ ಭಾವ, ಇರುವುದು ಇದೊಂದೇ ಅಂದೆ. ಅವರು ಮೆಲ್ಲಗೆ ಟ್ರಂಕಿನ ಮೇಲೆ ಕೂತರು. ನಾನು ತಂದುಕೊಟ್ಟ ಕಾಫಿ ಕೈಯಲ್ಲಿ ಹಾಗೇ ಆರಿತು. ಇವರಿಗೆ ಸಂಬಳ ಎಷ್ಟು ಬರುತ್ತೆ, ಆಟದಿಂದ ಏನು ಸಿಗುತ್ತೆ ಅಂತ ಒಂದೊಂದಾಗಿ ಕೇಳಿದರು. ನಾನು ಇದ್ದದ್ದನ್ನು ಹೇಳಿದೆ. ಈ ಸಲ ನಂಬಿದರು. ಬಟ್ಟೆಯ ಗಂಟು ತೆಗೆದುಕೊಂಡು ಹೊರಟಾಗ ನಾನೂ ಜೊತೆಗೆ ಹೋದೆ, ಒಬ್ಬರನ್ನೇ ಕಳಿಸಲು ಭಯವಾಯಿತು.

ವಾರ್ಡಿನಲ್ಲಿ ಭೇಟಿಯ ಹೊತ್ತು, ಜನ ತುಂಬಿದ್ದರು. ಭಾವನವರು ಮಂಚದ ಹತ್ತಿರ ನಿಂತು, ಯಾರಿಗೂ ಕೇಳಿಸದಷ್ಟು ಸಣ್ಣ ದನಿಯಲ್ಲಿ ಮಾತಾಡಿದರು.

"ನೀನು ನನ್ನನ್ನ ಕಳ್ಳನ್ನ ಮಾಡ್ಬಿಟ್ಟೆ ಕಣೋ. ಇರೋನ ಹತ್ರ ಕಿತ್ಕೊಂಡೆ ಅಂದ್ಕೊಂಡಿದ್ದೆ. ಏನೂ ಇಲ್ದೋನ ಪಾಲು ತಿಂದಿದೀನಿ. ಒಂದು ಮಾತು ಹೇಳಕ್ಕೆ ನಿಂಗೆ ಬಾಯಿರಲಿಲ್ವಾ?"

ಇವರು ಗೋಡೆಯ ಕಡೆ ಮುಖ ತಿರುಗಿಸಿದರು. ಹೆಗಲು ಅಲುಗುತ್ತಿದ್ದದ್ದು ನನಗೆ ಕಾಣುತ್ತಿತ್ತು. ಭಾವನವರಿಗೂ ಕಂಡಿರಬೇಕು, ಆದರೆ ಸಮಾಧಾನ ಮಾಡಲು ಕೈ ಮುಂದೆ ಹೋಗಲಿಲ್ಲ. ಬಟ್ಟೆಯ ಗಂಟು ಬಿಚ್ಚಿ, ಒಂದೊಂದಾಗಿ ಮಡಚಿ ಮಂಚದ ಕೆಳಗಿನ ಪೆಟ್ಟಿಗೆಯಲ್ಲಿ ಇಟ್ಟರು. ಡಿಸ್ಚಾರ್ಜ್ ಆಗುವವರೆಗೆ ಅಲ್ಲೇ ಇದ್ದರು.

ಉಳಿದಿದ್ದ ಜಮೀನಿನಲ್ಲಿ ಅರ್ಧ ವಾಪಸ್ ಬರೆದುಕೊಡುತ್ತೇನೆ ಅಂತ ಆಮೇಲೆ ಹೇಳಿ ಕಳಿಸಿದರು. ಕೊಟ್ಟದ್ದು ಕೊಟ್ಟಾಯಿತು, ಅಣ್ಣನಿಗೆ ಮದುವೆ ಮಾಡಬೇಕಾದ ಇನ್ನೂ ಇಬ್ಬರು ಹೆಣ್ಣುಮಕ್ಕಳಿದ್ದಾರೆ ಅಂತ ಇವರು ಒಪ್ಪಲಿಲ್ಲ. ಈ ಸಲ ನಾನು ಜಗಳ ಆಡಲಿಲ್ಲ. ಒಪ್ಪಬೇಕಿತ್ತು ಅಂತ ಈಗಲೂ ಒಮ್ಮೊಮ್ಮೆ ಅನ್ನಿಸುತ್ತದೆ. ಮಗು ಹುಟ್ಟಿ ಒಂದು ವರ್ಷವಾದ ಮೇಲೆ ನಾನು ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಸಣ್ಣ ಕಂಪನಿಯಲ್ಲಿ ಟೈಪಿಸ್ಟಾಗಿ ಸೇರಿದೆ. ಇವರು ಸ್ಟೋರ್ಸಿನ ಕೆಲಸವನ್ನು ನಿಧಾನವಾಗಿ ಕಲಿತರು. ಮೈದಾನದ ಕಡೆ ಮಾತ್ರ ಹೋಗಲಿಲ್ಲ. ಟೂರ್ನಮೆಂಟಿನ ದಿನಗಳಲ್ಲಿ ಬಸ್ಸು ಆ ದಾರಿಯಲ್ಲಿ ಹೋಗುತ್ತದೆ ಅಂತ ಎರಡು ಸ್ಟಾಪು ಮೊದಲೇ ಇಳಿದು, ಕುಂಟುತ್ತಾ ಒಳರಸ್ತೆಯಲ್ಲಿ ನಡೆದು ಬರುತ್ತಿದ್ದರು.

ಭಾವನವರು ಸುಗ್ಗಿಯಾದ ಮೇಲೆ ಒಂದು ಮೂಟೆ ರಾಗಿ ತಂದು ಹಾಕುವುದನ್ನು ತಪ್ಪಿಸಲಿಲ್ಲ. ಕಾಫಿ ಕುಡಿಯುತ್ತಿದ್ದರು, ಊಟಕ್ಕೆ ಏಳುತ್ತಿರಲಿಲ್ಲ. ಅಣ್ಣ ತಮ್ಮ ಮಳೆ ಬೆಳೆಯ ಬಗ್ಗೆ ನಾಲ್ಕು ಮಾತಾಡಿ ಸುಮ್ಮನಾಗುತ್ತಿದ್ದರು. ಒಂದು ವರ್ಷ ಅವರು ಬಂದಾಗ ಇವರಿನ್ನೂ ಕೆಲಸದಿಂದ ಬಂದಿರಲಿಲ್ಲ. ಮೂಟೆ ಇಳಿಸಿ, ಬೆವರು ಒರೆಸಿಕೊಂಡು, ಬಾಗಿಲಲ್ಲೇ ಕೂತರು. ಸ್ವಲ್ಪ ಹೊತ್ತಿನ ಮೇಲೆ, ಬೇರೆ ಯಾವುದೋ ಮಾತಿನ ನಡುವೆ ಕೇಳಿದರು.

"ಅವನು ಚೆನ್ನಾಗಿ ಆಡ್ತಿದ್ನೇನಮ್ಮಾ?"

ಆಗ ನನಗೆ ಹೊಳೆಯಿತು. ಆ ಮನೆಯವರು ಒಬ್ಬರೂ ಇವರ ಆಟವನ್ನು ನೋಡಿಯೇ ಇರಲಿಲ್ಲ. ನಾನು ಮದುವೆಯಾದ ಹೊಸದರಲ್ಲಿ ನೋಡಿದ ಒಂದು ಪಂದ್ಯದ ಕಥೆ ಹೇಳಿದೆ. ಲೈಟಿನ ಸುತ್ತ ಹುಳ ಮುತ್ತಿದ್ದು, ಇವರು ಇಬ್ಬರ ನಡುವೆ ನುಸುಳಿ ಹಾರಿದ್ದು, ಒಂದು ಗಳಿಗೆ ಕೆಳಗೆ ಬರುವುದೇ ಇಲ್ಲವೇನೋ ಅನ್ನಿಸಿದ್ದು, ಆಮೇಲೆ ಮರದ ಮೇಲಿದ್ದವರೂ ಚಪ್ಪಾಳೆ ಹೊಡೆದದ್ದು. ಭಾವನವರು ಟವಲನ್ನು ತೊಡೆಯ ಮೇಲೆ ಹಾಸಿಕೊಂಡು ಕೇಳಿಸಿಕೊಂಡರು. ಮುಗಿದಾಗ, ಇನ್ನೊಂದು ಸಲ ಹೇಳು ಅಂದರು.