ಅತ್ತೆಯ ಇಟಲಿ ಬಾತು

ನಮ್ಮತ್ತೆಯನ್ನು ಸುಳ್ಳುಬುರುಕಿ ಮಾಡಿದ್ದು ನಾನು— ಅದೂ ಅವರು ತೀರಿಕೊಂಡ ಮೇಲೆ, ಎದುರು ನಿಂತು ಕೇಳಲು ಅವರಿಲ್ಲದಾಗ. ಒಂದು ಗಾಜಿನ ಬಾತಿಗೋಸ್ಕರ.

ಅಂಗೈಯಲ್ಲಿ ಕೂರುವಷ್ಟು ಬಾತು. ಜೇನಿನ ಬಣ್ಣದ ಮೈ, ಅದರ ಮೇಲೆ ತಿಳಿನೀರಿನಂಥ ಇನ್ನೊಂದು ಪದರ, ನಡುವೆ ಚಿನ್ನದ ಚೂರುಗಳು. ಅತ್ತೆಯ ತಂದೆ ಚಿನ್ನದ ಗಣಿಯಲ್ಲಿ ಇಟಲಿಯವರೊಬ್ಬರ ಬಂಗಲೆಯಲ್ಲಿ ಅಡುಗೆ ಮಾಡುತ್ತಿದ್ದರಂತೆ. ಆ ಮನೆಯ ಮಗುವಿಗೆ ಜ್ವರ ಬಂದಾಗ ಊಟ ನಿದ್ದೆ ಬಿಟ್ಟು ನೋಡಿಕೊಂಡರಂತೆ. ತಮ್ಮ ದೇಶಕ್ಕೆ ಹೊರಡುವಾಗ ದೊರೆಸಾನಿ ತನ್ನ ಮೇಜಿನ ಮೇಲಿದ್ದ ಬಾತನ್ನು ಎತ್ತಿ ಅವರ ಕೈಗಿಟ್ಟಳಂತೆ. ಶ್ರೀನಿವಾಸಪುರದ ಮನೆಯಲ್ಲಿ ದಸರೆಯ ಗೊಂಬೆ ಕೂರಿಸುವಾಗ, ಕನ್ನಡಿಯ ಕೊಳದ ಮೇಲೆ ಅದನ್ನಿಟ್ಟು ಅತ್ತೆ ಈ ಕಥೆ ಹೇಳುತ್ತಿದ್ದರು. "ನೋಡ್ರೇ, ನಮ್ಮ ಗಣಿ ಚಿನ್ನಾನೇ ನುಂಗ್ಕೊಂಡು ಕೂತಿದಾಳೆ ಕಳ್ಳಿ."

ಮನೆಯವರೆಲ್ಲ ನಗುತ್ತಿದ್ದರು. "ಅಮ್ಮ, ತಾತ ಅದನ್ನ ಬಂಗಾರಪೇಟೆ ಸಂತೇಲಿ ತಂದಿದ್ದು. ಕಥೆ ಮಾತ್ರ ಇಟಲಿದು" ಎಂದು ನನ್ನ ಗಂಡನೇ ರೇಗಿಸುತ್ತಿದ್ದರು. ಪೂರ್ತಿ ನಂಬಿದ್ದವರು ಒಬ್ಬರೇ— ನನ್ನ ವಾರಗಿತ್ತಿ, ಮನೆಯ ಹಿರಿಯ ಸೊಸೆ ಸರೋಜಕ್ಕ.

ಅಕ್ಕ ಗೌನಿಪಲ್ಲಿಯ ಮಾವಿನ ತೋಟದವರ ಮಗಳು. ನಾನು ಕೋಲಾರದ ಕಾನ್ವೆಂಟಿನಲ್ಲಿ ಓದಿ, ಮುದ್ದೆ ತಿರುವಲು ಬಾರದೆ ಆ ಮನೆಗೆ ಬಂದವಳು. ನನ್ನ ಮುದ್ದೆಯಲ್ಲಿ ಗಂಟು ಬಿದ್ದ ದಿನ, ಗಂಟಿದ್ದ ಪಾಲನ್ನು ಅಕ್ಕ ತಮ್ಮ ತಟ್ಟೆಗೆ ಹಾಕಿಕೊಂಡು ನುಣ್ಣಗಿದ್ದದ್ದನ್ನು ಮಾವನವರಿಗೆ ಬಡಿಸುತ್ತಿದ್ದರು. ಯಾರಿಗೂ ಹೇಳದೆ, ನನಗೂ ಹೇಳದೆ. ನಾನು ನೋಡಿದ್ದೆ. ನೋಡಿಯೂ ಅಂಥವರಿಗೆ—

ಗಾಜಿನ ವಿಷಯ ನನಗೆ ಗೊತ್ತಿದ್ದುದು ಕಾನ್ವೆಂಟಿನಲ್ಲಿದ್ದ ವಯಸ್ಸಾದ ಇಟಲಿಯ ಸಿಸ್ಟರ್‌ ಒಬ್ಬರಿಂದ. ಗಾಜಿನ ಕೆಲಸಕ್ಕೆ ಹೆಸರಾದ, ವೆನಿಸ್ ಪಕ್ಕದ ಮುರಾನೋ ದ್ವೀಪದ ಹೂದಾನಿಯೊಂದು ಅವರ ಕೋಣೆಯಲ್ಲಿತ್ತು. ಅದರ ಧೂಳು ಒರೆಸುವ ಕೆಲಸ ನನ್ನದು. ಚೀಟಿಯನ್ನು ನಂಬಬೇಡ, ಅದನ್ನು ಯಾರು ಬೇಕಾದರೂ ಅಂಟಿಸಬಹುದು ಎನ್ನುತ್ತಿದ್ದರು. ಉಗುರಿನಿಂದ ಸವರು, ಅಚ್ಚಿನ ಗೆರೆ ಸಿಕ್ಕರೆ ಕೈಕೆಲಸವಲ್ಲ. ತಳ ನೋಡು, ಬಿಸಿ ಗಾಜನ್ನು ಹಿಡಿದಿದ್ದ ಕಬ್ಬಿಣದ ಕೋಲಿನಿಂದ ಬಿಡಿಸಿದ ಜಾಗವನ್ನು ಉಜ್ಜಿ ನಯ ಮಾಡಿದ್ದಾರೆಯೇ? ಬಣ್ಣ ಮೇಲೆ ಬಳಿದದ್ದೋ, ಮೊಟ್ಟೆಯ ಹಳದಿಯಂತೆ ಒಳಗೇ ನಿಂತಿದೆಯೋ? ಒಂದೇ ಗುರುತು ಹಿಡಿದು ತೀರ್ಮಾನಿಸಬೇಡ, ಎಲ್ಲ ಸೇರಿ ಏನು ಹೇಳುತ್ತವೆ ಕೇಳಿಸಿಕೋ. ಎಷ್ಟು ತಾಳ್ಮೆಯಿಂದ ಕಲಿಸಿದ್ದರು ನನಗೆ.

ಅತ್ತೆಯ ಕಾರ್ಯಗಳೆಲ್ಲ ಮುಗಿದ ಮೇಲೆ ಅವರ ಸಾಮಾನನ್ನು ನಡುಮನೆಯಲ್ಲಿ ಹರಡಿದ್ದೆವು. ಗೊಂಬೆಗಳು ಹಿರಿಯ ಸೊಸೆಗೆ ಸೇರುವುದು ನಮ್ಮಲ್ಲಿಯ ಪದ್ಧತಿ. ಅಕ್ಕ ಎಲ್ಲರೆದುರು ಬಾತನ್ನು ನನ್ನ ಕೈಗಿತ್ತರು. "ಇವ್ರೆಲ್ಲ ಆಡ್ಕೋತಾರೆ. ನೀನು ಇಟಲಿ ಸಿಸ್ಟರ್ ಹತ್ರ ಕಲ್ತೋಳು. ನೋಡಿ ಹೇಳೇ, ಇವ್ರ ಬಾಯಿ ಮುಚ್ಲಿ."

ಕಿಟಕಿಯ ಬೆಳಕಿಗೆ ಹಿಡಿದೆ. ಎಲ್ಲಿಯೂ ಅಚ್ಚಿನ ಗೆರೆಯಿಲ್ಲ. ತಳ ನಯವಾಗಿತ್ತು. ಬಿಸಿಯಿರುವಾಗಲೇ ಚಿಮಟದಿಂದ ಎಳೆದ ಕೊಕ್ಕಿನ ಬುಡದಲ್ಲಿ ಸಣ್ಣ ಚಿವುಟು. ಗಾಜು ಹಿಗ್ಗುವಾಗ ಚಿನ್ನದ ಹಾಳೆ ಹರಿದು ಚೂರಾಗಿತ್ತು. ಸಿಸ್ಟರ್ ಅವರ ಹೂದಾನಿಯ ಒಡಹುಟ್ಟಿನಂತೆ ಇತ್ತು. ನನಗೆ ಯಾವ ಅನುಮಾನವೂ ಉಳಿಯಲಿಲ್ಲ. ನಿಜ ಹೇಳಿದರೆ ಇದು ಈ ಮನೆ ಬಿಟ್ಟು ನನ್ನ ಜೊತೆ ಬರುವುದಿಲ್ಲ— ಅಷ್ಟೇ ನನ್ನ ತಲೆಯಲ್ಲಿದ್ದದ್ದು.

"ಇಲ್ಲ ಅಕ್ಕ. ಇದು ನಮ್ಮ ದೇಶದ್ದೇ, ಗಾಜಿನ ಬಳೆ ಮಾಡೋ ಫಿರೋಜಾಬಾದಿನದು."

"ಹಂಗಾದ್ರೆ ಅತ್ತೆ ಹೇಳ್ತಿದ್ದಿದ್ದು..."

ನಾನು ಬಾತನ್ನು ಸೆರಗಿನಿಂದ ಒರೆಸತೊಡಗಿದೆ. ಯಾರೂ ನಗಲಿಲ್ಲ. ಮುಳಬಾಗಿಲಿನಿಂದ ಬಂದಿದ್ದ ನಾದಿನಿ— ಅತ್ತೆಯ ಒಬ್ಬಳೇ ಮಗಳು— ತಲೆ ತಗ್ಗಿಸಿ ಮಡಿಚಿದ ಸೀರೆಯನ್ನೇ ಮತ್ತೆ ಮಡಿಚತೊಡಗಿದರು.

ಕೊನೆಗೆ ಅಕ್ಕನೇ ಹೇಳಿದರು: "ಪೋನೀಲೇ, ಬಿಡು. ನಿಂಗೆ ಗಾಜು ಅಂದ್ರೆ ಇಷ್ಟ ಅಲ್ವಾ, ಇಟ್ಕೋ."

ಮಾಲೂರಿನ ನಮ್ಮ ಮನೆಗೆ ತಂದೆ. ಬೀರುವಿನಲ್ಲಿ, ಬಟ್ಟೆಗಳ ಹಿಂದೆ ಇಟ್ಟೆ. ಅಲ್ಲಿಂದ ಅದನ್ನು ಹೊರಗೆ ತೆಗೆಯುವ ಧೈರ್ಯ ಬರಲಿಲ್ಲ. ಆ ಕಥೆಯನ್ನು ಮತ್ತೆ ಯಾರೂ ಹೇಳಲಿಲ್ಲ. ಅಕ್ಕ ಮಾತ್ರ ವರ್ಷ ವರ್ಷ ನಮಗೆ ಮಾವಿನಹಣ್ಣು ಕಳಿಸುತ್ತಿದ್ದರು. ನನ್ನ ಬಾಣಂತನಕ್ಕೆ ತಾವೇ ಬಂದು ನಿಂತರು. ಅವರು ಅರೆದು ಕೊಟ್ಟ ಖಾರ ತಿಂದು ನಾನು ಎದ್ದು ಓಡಾಡಿದೆ.

ಈ ಸಲ ದಸರೆಗೆ ನಾನು ಶ್ರೀನಿವಾಸಪುರಕ್ಕೆ ಹೋದಾಗ ಅಕ್ಕನ ಮನೆಗೆ ಹೊಸ ಸೊಸೆ ಬಂದಿದ್ದಳು. ಗೊಂಬೆ ಜೋಡಿಸುತ್ತ ನಮ್ಮತ್ತೆಯ ಬಗ್ಗೆ ಕೇಳಿದಳು. ಅಕ್ಕ ನಿಡುಸುಯ್ದು ಹೇಳಿದರು: "ದೇವ್ರಂಥೋರು ಕಣಮ್ಮ. ಅಪ್ಪನ ವಿಷ್ಯದಲ್ಲಿ ಮಾತ್ರ ಒಂದು ಸುಳ್ಳು ಹೇಳ್ಕೊಂಡು ಬಂದ್ರು, ಪಾಪ."

ನಾಳೆ ಆ ಹುಡುಗಿ ತನ್ನ ಸೊಸೆಗೂ ಇದನ್ನೇ—

"ಅಕ್ಕ, ಅತ್ತೆ ಹೇಳಿದ್ದು ನಿಜ. ಆವತ್ತು ನಂಗೆ ಗೊತ್ತಿತ್ತು."

ಅಕ್ಕ ಕೈಯಲ್ಲಿದ್ದ ಗೊಂಬೆ ಕೆಳಗಿಟ್ಟರು. ಆಮೇಲೆ, ದನಿ ಏರಿಸದೆ: "ಬಾತು ಬೇಕಿದ್ರೆ ಕೇಳ್ಬಾರ್ದಿತ್ತೇನೇ? ಕೊಡ್ತಿದ್ದೆನಲ್ಲ."

ಹೌದು, ಕೊಡುತ್ತಿದ್ದರು. ಅದು ಆಗಲೂ ನನಗೆ ಗೊತ್ತಿತ್ತು.

ಬಾತನ್ನು ಮರುದಿನವೇ ಅಕ್ಕನಿಗೆ ತಲುಪಿಸಿದೆ. ನಾದಿನಿಗೂ ಹೇಳಬೇಕು ಎಂದು ನಾನು ಅಂದಾಗ ಅಕ್ಕ ಸೀರೆ ಬದಲಿಸಿ ಚಪ್ಪಲಿ ಮೆಟ್ಟಿದರು. "ಒಬ್ಳೇ ಹೋಗ್ಬೇಡ. ನಾನೂ ಬರ್ತೀನಿ. ಆದ್ರೆ ನಿನ್ನ ಪರವಾಗಿ ಒಂದು ಮಾತೂ ಆಡಲ್ಲ, ನೀನೇ ಹೇಳ್ಬೇಕು."

ಮುಳಬಾಗಿಲಿನವರೆಗೂ ಬಸ್ಸಿನಲ್ಲಿ ನನ್ನ ಪಕ್ಕದಲ್ಲೇ ಕುಳಿತಿದ್ದರು. ಇಷ್ಟಾದರೂ ಪಕ್ಕದಲ್ಲಿ ಕೂರುವ ಜೀವವೊಂದು ನನಗಿತ್ತು— ಈ ಋಣವನ್ನು ಹೇಗೆ ಹೇಳಲಿ? ನಾದಿನಿ ಬಾಗಿಲು ತೆರೆದು, ನಮ್ಮಿಬ್ಬರನ್ನು ಒಟ್ಟಿಗೆ ಕಂಡು ನಗುತ್ತ "ಬನ್ನಿ ಅತ್ತಿಗೆ, ಬನ್ನಿ" ಎಂದರು.

ಅಕ್ಕ ಒಂದು ಹೆಜ್ಜೆ ಹಿಂದೆ ಸರಿದು ನಿಂತರು. ನಾನು ಹೊಸ್ತಿಲಾಚೆಯೇ ನಿಂತು ಮಾತು ಶುರು ಮಾಡಿದೆ.