ಓರ್ ಟ್ರೈನ್ ಬ್ಯಾಂಡಿನ ಡ್ರಮ್ಮರ್ ಅಲ್ಬಿನಾ

ಅಮೆರಿಕದ ಮಿನ್ನೆಸೋಟಾ ರಾಜ್ಯದ ಕಬ್ಬಿಣದ ಗಣಿ ಊರು ಎವೆಲೆತ್‌ನಲ್ಲಿ ಅಲ್ಬಿನಾ ಜುಪಾನ್ ಡ್ರಮ್ ಕಲಿತದ್ದು ಮದುವೆಯ ಕುಣಿತಗಳಲ್ಲಿ. ಅಪ್ಪ ಫ್ರಾಂಕ್ ವಾರವಿಡೀ ಗಣಿಯಲ್ಲಿ ದುಡಿದು, ಶನಿವಾರ ಯುರೋಪಿನಿಂದ ಬಂದು ನೆಲೆಸಿದ್ದ ಸ್ಲೊವೇನಿಯನ್ನರ ಸಭಾಭವನದಲ್ಲಿ ಪೋಲ್ಕಾ ಕುಣಿತಕ್ಕೆ ಅಕಾರ್ಡಿಯನ್ ನುಡಿಸುತ್ತಿದ್ದ. ತಾಳಕ್ಕೆ ಮಗಳು.

೧೯೬೭ರಲ್ಲಿ ಅದಿರಿನ ರೈಲಿನ ಹೆಸರಿಟ್ಟುಕೊಂಡಿದ್ದ ಊರಿನ ರಾಕ್ ಬ್ಯಾಂಡ್ 'ಓರ್ ಟ್ರೈನ್'ನ ಡ್ರಮ್ಮರನಿಗೆ ವಿಯೆಟ್ನಾಂ ಯುದ್ಧದ ಕರೆ ಬಂತು. ಉಳಿದ ಮೂವರು ಹುಡುಗರು ಬದಲಿಗಾಗಿ ಊರೆಲ್ಲ ಅಲೆದು, ಕೊನೆಗೆ ಅಲ್ಬಿನಾಳ ಬಾಗಿಲು ತಟ್ಟಿದರು.

"ಮದುವೇಲಿ ಬಾರಿಸೋದು ಸರಿ. ಆ ಗದ್ದಲದಲ್ಲಿ ನಿಂಗೇನು ಕೆಲಸ?" ಎಂದು ಅಪ್ಪ ಗೊಣಗಿದ.

"ನಿನ್ ಪೋಲ್ಕಾ ಏನು ಜೋಗುಳಾನಾಪ್ಪ?" ಎನ್ನುತ್ತಲೇ ಅವಳು ಕೋಲುಗಳನ್ನೆತ್ತಿಕೊಂಡು ಹೊರಟಳು.

ಅವಳು ಬಂದ ಮೇಲೆ ಬ್ಯಾಂಡಿನ ನಡೆಯೇ ಬದಲಾಯಿತು. ಅದಿರು ತುಂಬಿದ ರೈಲು ಇಳಿಜಾರಿನಲ್ಲಿ ಓಡಿದಂತೆ ಅವಳ ತಾಳ. ಗಣಿ ಊರುಗಳ ಜನ ಅವರ ವ್ಯಾನಿನ ಸದ್ದು ಕೇಳಿದರೆ ಸಾಕು, ಸೇರತೊಡಗಿದರು. ಮರುವರ್ಷ ಶಿಕಾಗೋದ ರೆಕಾರ್ಡ್ ಕಂಪನಿಯೊಂದು ಅವರನ್ನು ಕರೆಸಿಕೊಂಡಿತು.

ಅಲ್ಲಿನ ಯಜಮಾನ ಅವಳನ್ನು ಮೇಲಿಂದ ಕೆಳಗೆ ನೋಡಿ, "ಈ ಹುಡುಗಿ ಫೋಟೋಗಿರ್ಲಿ. ಡ್ರಮ್ಮಿಗೆ ನಮ್ ಕಡೆಯೋನು ಕೂರ್ತಾನೆ" ಎಂದ.

ಹುಡುಗರ ಮುಖ ಬಾಡಿತು. ಈ ಬಾಗಿಲಿಗಾಗಿ ಅವರು ಹೈಸ್ಕೂಲಿನಿಂದ ಕಾದಿದ್ದರು. ಅಲ್ಬಿನಾ ತಾನಾಗಿಯೇ ಎದ್ದಳು.

"ನೀವು ಹಾಡ್ರೋ. ನಾನು ಬಸ್ ಹಿಡ್ಕೊಂಡ್ ಹೋಗ್ತೀನಿ."

ಹಾಡುಗಾರ ರೈನೋ ಲಾಹ್ಟಿ ಗಿಟಾರಿನ ವೈರು ಕಿತ್ತು ಸುತ್ತಿದ. "ಬಸ್ಸು ಯಾಕೆ? ಒಂದೇ ವ್ಯಾನಲ್ಲಿ ಬಂದಿದೀವಿ, ಒಂದೇ ವ್ಯಾನಲ್ಲಿ ಹೋಗೋಣ."

ತನ್ನಿಂದ ಇವರ ಅದೃಷ್ಟ ಕೈತಪ್ಪಿತೆಂದು ಅವಳು ದಾರಿಯುದ್ದಕ್ಕೂ ಕುಗ್ಗಿ ಕೂತಿದ್ದಳು. ಮನೆಯಲ್ಲಿ ಸಂಗತಿ ತಿಳಿದ ಫ್ರಾಂಕ್‌ಗೆ ರೇಗಿತು. "ಶಿಕಾಗೋದಲ್ಲಿರೋದೂ ನಾಲ್ಕು ಗೋಡೆ ತಾನೇ?" ಎಂದು ನೇರ ಸಭಾಭವನದ ಬೀಗ ತೆಗೆಸಿದ. ರೇಡಿಯೊ ಕೇಂದ್ರದ ಪರಿಚಯದವನೊಬ್ಬ ಧ್ವನಿಮುದ್ರಣದ ಯಂತ್ರ ತಂದ. ಪ್ರತಿಧ್ವನಿ ತಡೆಯಲು ಹೆಂಗಸರು ಮನೆಮನೆಯಿಂದ ರಜಾಯಿ ತಂದು ಕಿಟಕಿಗೆ ಕಟ್ಟಿದರು. ಅಕ್ರೋಟು ತುಂಬಿದ ತಮ್ಮ ಸಿಹಿರೊಟ್ಟಿ ಪೊತಿತ್ಸಾ ಬೇಯಿಸಿ ತಂದು ಹುಡುಗರಿಗೆ ತಿನ್ನಿಸಿದರು. ಭಾನುವಾರದ ಪ್ರಾರ್ಥನೆ ಮುಗಿದ ಮೇಲೆ ನಾಲ್ವರೂ ಅಲ್ಲೇ ಹಾಡಿ ರೆಕಾರ್ಡು ಮಾಡಿದರು.

ಹತ್ತಿರದ ನಗರ ಡುಲೂತ್‌ನ ರೇಡಿಯೊ ಕೇಂದ್ರ ಅದನ್ನು ಮೊದಲ ಸಲ ಹಾಕಿದಾಗ ಗಣಿಯ ಸ್ನಾನದಮನೆಯಲ್ಲಿ ಪಾಳಿ ಮುಗಿಸಿದವರು ಕೆಂಪು ಧೂಳು ತೊಳೆಯುತ್ತಿದ್ದರು. ಅಲ್ಲಿದ್ದ ರೇಡಿಯೊದಲ್ಲಿ ಹಾಡು ಶುರುವಾದದ್ದೇ ಫ್ರಾಂಕ್ ಸೋಪು ಹಚ್ಚಿದ ಮೈಯಲ್ಲೇ ಕೂಗಿದ:

"ನಲ್ಲಿ ನಿಲ್ಲಿಸ್ರೋ! ಬಾರಿಸ್ತಿರೋದು ನನ್ ಮಗಳು!"

ಒಂದೊಂದಾಗಿ ನಲ್ಲಿಗಳು ನಿಂತವು. ಹಾಡು ಮುಗಿಯುವವರೆಗೆ ಸೋಪು ಒಣಗಿದರೂ ಯಾರೂ ಕದಲಲಿಲ್ಲ.

ಓರ್ ಟ್ರೈನ್ ದೇಶಕ್ಕೆಲ್ಲ ಹೆಸರಾಗಲಿಲ್ಲ. ೧೯೭೧ರಲ್ಲಿ ರೈನೋ ಕೆಲಸ ಹುಡುಕಿ ಹೊರಟಾಗ ಬ್ಯಾಂಡ್ ನಿಂತಿತು. ಅಲ್ಬಿನಾ ಶಾಲಾಬಸ್ಸಿನ ಚಾಲಕಿಯಾಗಿ ಊರಲ್ಲೇ ಉಳಿದಳು. ಬಸ್ಸಿನ ಮಕ್ಕಳು, "ನೀವು ಫೇಮಸ್ ಆಗಿದ್ರಂತೆ, ಹೌದಾ?" ಎಂದು ಕೇಳಿದರೆ ಕನ್ನಡಿಯಲ್ಲೇ ಅವರತ್ತ ನೋಡಿ ನಗುತ್ತಿದ್ದಳು.

"ಆಗಿದ್ವಿ ಕಣ್ರೋ. ನಿಮ್ ಅಜ್ಜಂದಿರನ್ನ ಕೇಳಿ ನೋಡಿ."