ಪುಕ್ಕಲಪ್ಪ ಕೂಗು ಬಿಟ್ಟದ್ದು

ನನ್ನ ಅಕ್ಕನ ಗಂಡ ಪುಸ್ತಕ ಕಟ್ಟುವವನು. ಕಾಗದ ಕತ್ತರಿಸುವ ಯಂತ್ರದ ಹಿಡಿಕೆ ಎಳೆಯುವ ಮುನ್ನ ಮೂರು ಸಲ "ಕೈ!" ಎಂದು ಕೂಗುವುದು ಅವನ ರೂಢಿ. ಕೂಗಿದಾಗಲೆಲ್ಲ ಅವನ ಮಗಳೂ ನಾನೂ ಕೈ ಎತ್ತಿ ತೋರಿಸಬೇಕು. ತೋರಿಸದಿದ್ದರೆ ಅಲಗು ಇಳಿಯದು. ಮೂವತ್ತು ವರ್ಷದಲ್ಲಿ ಆ ಅಂಗಡಿಯಲ್ಲಿ ಯಾರ ಬೆರಳೂ ಹೋಗಲಿಲ್ಲ, ಅವನ ಮಾನ ಮಾತ್ರ ಹೋಯಿತು. ಬೀದಿಯವರು ಇಟ್ಟ ಹೆಸರು ಪುಕ್ಕಲಪ್ಪ.

ಎದುರಿನ ಬೀಗ ರಿಪೇರಿಯವನು ದಿನವೂ ಕೆಣಕುತ್ತಿದ್ದ. "ಏನ್ ಪುಕ್ಕಲಪ್ಪ, ಮದುವೇಲೂ ಮೂರ್ ಸಲ ಕೂಗೇ ಕೈ ಹಿಡಿದ್ಯಾ?"

ಆ ವರ್ಷ ಒಂದು ದಪ್ಪ ಪುಸ್ತಕ ಹೊಲಿಗೆಗೆ ಬಂತು. ಭಯ, ಸಿಟ್ಟು, ದುಃಖ ಇವೆಲ್ಲ ಏನು, ಎಲ್ಲಿಂದ ಹುಟ್ಟುತ್ತವೆ ಎಂದು ಹಳಬರಿಂದ ಹೊಸಬರವರೆಗೆ ತಲೆ ಕೆಡಿಸಿಕೊಂಡವರ ಮಾತು ಅದರಲ್ಲಿತ್ತು. ಹದಿನಾರು ಪುಟದ ಒಂದು ಮಡಿಕೆಗೆ ನಾವು ಫಾರಂ ಅನ್ನುತ್ತೇವೆ. ಶಾಲೆ ದಕ್ಕದ ಭಾವನೂ ನಾನೂ ಫಾರಂ ಹೊಲಿಯುತ್ತಲೇ ಓದು ಕಲಿತವರು. ಭಾವ ಐದನೆಯ ಫಾರಂ ಹಿಡಿದು ಕೂತವನು ಊಟಕ್ಕೂ ಏಳಲಿಲ್ಲ.

"ಕೇಳೋ ಇಲ್ಲಿ. ಭಯ ಅನ್ನೋದು ಬುದ್ಧಿ ಮಾಡೋ ತಪ್ಪು ತೀರ್ಮಾನ ಅಂತೆ. ತಿಳಿದೋನು ಅದನ್ನ ಕಳೆ ಕಿತ್ತ ಹಾಗೆ ಬುಡಸಮೇತ ಕಿತ್ತು ಹಾಕ್ತಾನಂತೆ."

"ಮುಂದೆ ಓದು ಭಾವಾ. ಮೊದಲು ಮೈ ನಡುಗತ್ತೆ, ಆಮೇಲೆ ಅದಕ್ಕೆ ನಾವು ಭಯ ಅಂತ ಹೆಸರಿಡ್ತೀವಿ ಅಂತಾನೆ ಹತ್ತನೇದ್ರಲ್ಲಿ ಇನ್ನೊಬ್ಬ."

"ಇನ್ಮೇಲೆ ನಡುಗೋ ಮೈ ನಂದಲ್ಲ ಬಿಡು."

ಮರುದಿನದಿಂದ ಅವನು ಕೂಗಲಿಲ್ಲ. ಅಲಗು ಹೇಳದೆ ಕೇಳದೆ ಇಳಿಯತೊಡಗಿತು.

"ಅಪ್ಪಾ, ಕೂಗು," ಎಂದಳು ಮಗಳು. "ನೀನು ಕೂಗ್ದಿದ್ರೆ ನನ್ನ ಕೈ ಎಲ್ಲಿದೆ ಅಂತ ನನಗೇ ಗೊತ್ತಾಗಲ್ಲ."

ಅವನು ನಕ್ಕುಬಿಟ್ಟ. ಭಯದ ಹಿಂದೆಯೇ ಇನ್ನೊಂದೂ ಹೋಗಿತ್ತು: ಫಾರಂಗಳನ್ನು ಮೂರು ಸಲ ಎಣಿಸುತ್ತಿದ್ದವನು ಒಂದೇ ಸಲ ಎಣಿಸಿ ಹೊಲಿದಿದ್ದ.

ಅಂಚು ಕತ್ತರಿಸುವ ದಿನ ಬಂತು. ಪುಸ್ತಕದ ಬೆನ್ನಿನಲ್ಲಿ ಫಾರಂಗೊಂದು ಕಪ್ಪು ಗುರುತಿರುತ್ತದೆ. ಜೋಡಣೆ ಸರಿಯಿದ್ದರೆ ಗುರುತುಗಳು ಮೆಟ್ಟಿಲಿನಂತೆ ಇಳಿಯುತ್ತವೆ. ಭಾವ ಪುಸ್ತಕವನ್ನು ಅಲಗಿನ ಕೆಳಗಿಟ್ಟು ಹಿಡಿಕೆಗೆ ಕೈ ಹಾಕಿದ. ಕಣ್ಣು ಬೀದಿಯ ಕಡೆ, ಬೀಗದವನು ನೋಡುತ್ತಿದ್ದಾನಲ್ಲ! ಇತ್ತ ಹುಡುಗಿ ಪುಸ್ತಕದ ಬೆನ್ನು ನೋಡಿದಳು. ನಡುವೆ ಒಂದು ಮೆಟ್ಟಿಲು ಮಾಯ. "ಹನ್ನೊಂದು..." ಎನ್ನುತ್ತ ಬೆರಳಿಟ್ಟು ತೋರಿಸಲು ಹೋದಳು.

ನಾನು ಬಾಯಿ ತೆರೆದೆ, ಸ್ವರ ಹೊರಡಲಿಲ್ಲ. ಮೂವತ್ತು ವರ್ಷ ಕೂಗಿದವನು ಅವನು. ನನಗೆ ಆ ಅಭ್ಯಾಸವೇ ಇರಲಿಲ್ಲ.

ಹಿಡಿಕೆ ಅರ್ಧ ಬಂದಿತ್ತು. ಮಗಳ ದನಿ ಇರಬೇಕಾದ ಜಾಗದಲ್ಲಿಲ್ಲ ಎಂದು ಅವನ ಕಿವಿ ಹೇಳಿತೋ ಏನೋ, ಬೀದಿ ನೋಡುತ್ತಿದ್ದಂತೆಯೇ ಅವನ ತೋಳು ನಡುಗಿ ತಡೆಯಿತು. ಅಲಗು ನಿಂತಿತು. ಕಾಗದದ ಚೂರುಗಳ ಮೇಲೆ ಅವಳ ಉಗುರಿನ ತುದಿ ಬಿದ್ದಿತ್ತು. ರಕ್ತವಿಲ್ಲ. ಭಾವ ತಿರುಗಿ ನೋಡಿದ್ದು ಆಮೇಲೆ. ಭಯ ಬಂದದ್ದೂ ಆಮೇಲೆಯೇ. ಬುಡ ಕಡಿದ ಬಾಳೆಯಂತೆ ಕುಸಿದ.

ಹನ್ನೊಂದನೆಯ ಫಾರಂನ ಕಟ್ಟು ಗೋಂದಿನ ಡಬ್ಬದ ಅಡಿಯಲ್ಲಿ ಸಿಕ್ಕಿತು. ಐದನೆಯದಕ್ಕೆ ಉತ್ತರ ಅದರಲ್ಲಿತ್ತು: ಪ್ರೀತಿಯಿದ್ದವನಿಗೆ ಭಯವೂ ಒಂದು ಕಣ್ಣು, ಕಿತ್ತರೆ ಕುರುಡ. ಓದಿ ಹೇಳೋಣವೆಂದು ಹಾಳೆಯನ್ನು ಯಂತ್ರದ ಮೇಲೆ ಹರಡಿದೆ.

"ಓದೋದು ಆಮೇಲೆ," ಎಂದ ಭಾವ, ಮೂಲೆಯಲ್ಲಿ ಕೂತಲ್ಲಿಂದಲೇ. "ಮೊದ್ಲು ಕೈ!"

ಹಿಡಿಕೆಯ ಹತ್ತಿರ ಯಾರೂ ಇರಲಿಲ್ಲ. ಆದರೂ ನಾನು ಕೈ ಎತ್ತಿದೆ.